ಗುದ್ದಲಿ ಪೂಜೆಗೆ ಮೊದಲು ಸಂಬಳದ ಹಣ ಎತ್ತಿಡಿ: ಬೆಂಗಳೂರಿನ ಪ್ರಾಣಿ ಆಶ್ರಯತಾಣದ ಬಗ್ಗೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಹಾಗೂ ಐದೂ ನಗರ ಪಾಲಿಕೆಗಳ ಆಯುಕ್ತರಿಗೆ,

ಮಾನ್ಯರೇ,

ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ಆಶ್ರಯತಾಣಗಳಿಗೆ ಸಾಗಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಕೂಡದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಬೆಂಗಳೂರಿಗೆ ಹೊಸ ಆಶ್ರಯತಾಣ ಬೇಕೇ ಎಂಬ ಚರ್ಚೆ ಅಂದಿಗೇ ಮುಗಿಯಿತು. ಬೇಕೇ ಬೇಕು. ಎಲ್ಲಿ, ಎಂಥದ್ದು, ಯಾರ ಹಣದಲ್ಲಿ ಎಂಬುದು ಉಳಿದಿರುವ ಪ್ರಶ್ನೆ. ಅದರಲ್ಲೂ ಕೊನೆಯದನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲವೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಗರದ ಹಳೆಯ ಆಶ್ರಯತಾಣವೊಂದರಲ್ಲಿ ಹಲವು ವರ್ಷಗಳಿಂದ ಸ್ವಯಂಸೇವಕಿ. ಗೂಡು ತೊಳೆಯುವುದು, ಡ್ರಿಪ್ ಹಾಕಿದ ಮರಿಯನ್ನು ಹಿಡಿದು ಕೂರುವುದು, ದತ್ತು ಕೇಳಿ ಬಂದವರೊಡನೆ ಮಾತನಾಡುವುದು, ಅಂಗಡಿಯಲ್ಲಿ ಬಾಕಿ ಬರೆಸಿ ಅಕ್ಕಿ ತರುವುದು, ಎಲ್ಲವನ್ನೂ ಮಾಡುತ್ತೇನೆ. ನನ್ನ ಬೇಡಿಕೆ ಒಂದೇ. ಹೊಸ ಆಶ್ರಯತಾಣಕ್ಕೆ ಗುದ್ದಲಿ ಪೂಜೆ ಮಾಡುವ ಮೊದಲು, ಅದನ್ನು ಹತ್ತು ವರ್ಷ ನಡೆಸುವ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಬಜೆಟ್‌ನಲ್ಲಿ ಬರೆದು ತೋರಿಸಿ. ಕಟ್ಟಡದ ಹಣವನ್ನು ಆಮೇಲೆ ಹೊಂದಿಸಿದರೂ ನಡೆಯುತ್ತದೆ.

ಕಟ್ಟಡಕ್ಕೆ ಹಣ ಹುಟ್ಟುವುದು ನಮ್ಮಲ್ಲಿ ಅಷ್ಟೇನೂ ಕಷ್ಟವಲ್ಲ. ಕಾಮಗಾರಿಗೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಮುಗಿಸಲು ಗಡುವು ಇರುತ್ತದೆ, ದಾನಿಗಳ ಹೆಸರು ಕೆತ್ತಲು ಕಲ್ಲೂ ಇರುತ್ತದೆ. ಉದ್ಘಾಟನೆಯಾಗಿ ಏಳೆಂಟು ತಿಂಗಳ ಮೇಲೆ ಬರುವ ಔಷಧದ ಬಿಲ್ಲಿಗೆ ಇವು ಯಾವುವೂ ಇಲ್ಲ. ಆಗ ಮೊದಲು ನಿಲ್ಲುವುದು ರಾತ್ರಿ ಪಾಳಿ. ಆಮೇಲೆ ವೈದ್ಯರು ವಾರಕ್ಕೆ ಎರಡು ದಿನ ಬರುವಂತಾಗುತ್ತದೆ. ಆಮೇಲೆ ಗೇಟಿಗೆ ಬೀಗ ಬಿದ್ದು, ಒಳಗಿರುವ ಪ್ರಾಣಿಗಳ ಸ್ಥಿತಿ ಹೊರಗಿನವರಿಗೆ ಕಾಣದಂತಾಗುತ್ತದೆ. ಇದನ್ನು ಮಾಡುವವರು ನಾಯಿಗಳನ್ನು ದ್ವೇಷಿಸುವವರೇನಲ್ಲ. ಹಣ ಮುಗಿದಾಗ ಒಳ್ಳೆಯವರ ಕೈಯಲ್ಲೂ ಹೀಗೆಯೇ ಆಗುತ್ತದೆ.

ಎಷ್ಟು ದೊಡ್ಡ ಜಾಗ ಬೇಕು ಎಂಬ ಮಾತು ಬಂದಾಗಲೆಲ್ಲ ಎಕರೆಯ ಲೆಕ್ಕ ಕೇಳಿಬರುತ್ತದೆ. ಆಶ್ರಯತಾಣದ ಗಾತ್ರ ನಿಂತಿರುವುದು ಬೇರೆ ಎರಡು ಸಂಖ್ಯೆಗಳ ಮೇಲೆ. ದಿನಕ್ಕೆ ಎಷ್ಟು ಪ್ರಾಣಿಗಳು ಒಳಗೆ ಬರುತ್ತವೆ, ಬಂದದ್ದು ಸರಾಸರಿ ಎಷ್ಟು ದಿನ ಉಳಿಯುತ್ತದೆ. ಎರಡನ್ನೂ ಗುಣಿಸಿದರೆ ಬೇಕಾದ ಗೂಡುಗಳ ಲೆಕ್ಕ ಸಿಗುತ್ತದೆ. ದಿನಕ್ಕೆ ಹತ್ತು ನಾಯಿಗಳು ಬಂದು ಹತ್ತು ದಿನ ಉಳಿದರೆ ನೂರು ಗೂಡು ಸಾಕು. ಅವೇ ಒಂದು ತಿಂಗಳು ಉಳಿದರೆ ಮುನ್ನೂರು ಬೇಕು. ಹೊರಹೋಗುವ ದಾರಿಯೇ ಇಲ್ಲದಿದ್ದರೆ ಮೊದಲ ವರ್ಷದ ಕೊನೆಗೇ 3,650 ನಾಯಿಗಳು ಒಳಗಿರುತ್ತವೆ. ಒಳ್ಳೆಯ ಆರೈಕೆ ಸಿಕ್ಕರೆ ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ.

ಆದ್ದರಿಂದ ಎರಡು ಬಗೆಯ ಪ್ರಾಣಿಗಳಿಗೆ ಎರಡು ಲೆಕ್ಕ ಇಡಲೇಬೇಕು. ಅಪಘಾತವಾದವು, ಕಾಯಿಲೆ ಬಿದ್ದವು, ತಾಯಿ ಇಲ್ಲದ ಮರಿಗಳು, ಮಾಲೀಕರು ಬಿಟ್ಟುಹೋದ ಸಾಕುನಾಯಿಗಳು, ಬೆಕ್ಕುಗಳು ಒಂದು ಬಗೆ. ಇವು ಗುಣವಾಗಿ ಅಥವಾ ದತ್ತು ಹೋಗಿ ಜಾಗ ಖಾಲಿ ಮಾಡುತ್ತವೆ. ನ್ಯಾಯಾಲಯದ ಆದೇಶದಂತೆ ಸಂಸ್ಥೆಗಳ ಆವರಣದಿಂದ ಬರುವ ವಯಸ್ಕ ನಾಯಿಗಳು ಇನ್ನೊಂದು ಬಗೆ. ಅವುಗಳಲ್ಲಿ ಹೆಚ್ಚಿನವು ಕೊನೆಯವರೆಗೂ ನಮ್ಮ ಹೊಣೆಯೇ. ಇವೆರಡನ್ನೂ ಒಂದೇ ಕಟ್ಟಡಕ್ಕೆ ತುಂಬಿದರೆ ಆಸ್ಪತ್ರೆಯ ಜಾಗವನ್ನು ಶಾಶ್ವತ ನಿವಾಸಿಗಳು ಹಿಡಿಯುತ್ತಾರೆ, ರಸ್ತೆಯಲ್ಲಿ ಕಾಲು ಮುರಿದು ಬಿದ್ದ ನಾಯಿಗೆ ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ. ಮೊದಲನೆಯದಕ್ಕೆ ಗೂಡು ಮತ್ತು ವೈದ್ಯರು ಬೇಕು. ಎರಡನೆಯದಕ್ಕೆ ಮರದ ನೆರಳಿರುವ, ಹೊಂದಿಕೊಳ್ಳುವ ನಾಯಿಗಳನ್ನು ಸಣ್ಣ ಗುಂಪುಗಳಲ್ಲಿ ಬಿಡಬಹುದಾದ ಬೇಲಿಯ ಅಂಗಳಗಳು ಬೇಕು. ಬೀದಿಯಲ್ಲಿ ಬೆಳೆದ ನಾಯಿಯನ್ನು ನಾಲ್ಕಡಿ ಪಂಜರದಲ್ಲಿ ವರ್ಷಗಟ್ಟಲೆ ಕೂಡಿಹಾಕುವುದು ಕ್ರೌರ್ಯ. ಅದಕ್ಕೆ ಬೇರೆ ಹೆಸರು ಕೊಡುವುದು ನನ್ನಿಂದ ಸಾಧ್ಯವಿಲ್ಲ.

ಇನ್ನು ಖರ್ಚು. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ದಿನಕ್ಕೊಮ್ಮೆ ಕೋಳಿ ಮಾಂಸ ಬೆರೆಸಿದ ಅನ್ನ ಹಾಕಲು 2.88 ಕೋಟಿ ರೂಪಾಯಿಯ ಟೆಂಡರ್ ಕರೆದಾಗ ದೇಶವೇ ಅದರ ಬಗ್ಗೆ ಮಾತನಾಡಿತು. ಅದರಲ್ಲಿ ಗೂಡು ಇರಲಿಲ್ಲ, ವೈದ್ಯರಿರಲಿಲ್ಲ, ಕಾವಲು ಇರಲಿಲ್ಲ. ಆಶ್ರಯತಾಣದಲ್ಲಿ ಇವೆಲ್ಲ ಸೇರುತ್ತವೆ. ಆಹಾರ, ಔಷಧ, ನೀರು, ವಿದ್ಯುತ್, ಸಂಬಳ ಎಲ್ಲ ಕೂಡಿ ನಾಯಿಯೊಂದಕ್ಕೆ ದಿನಕ್ಕೆ ನೂರೇ ರೂಪಾಯಿ ಎಂದು ಇಟ್ಟುಕೊಳ್ಳಿ. ಸಾವಿರ ನಾಯಿಗಳಿಗೆ ವರ್ಷಕ್ಕೆ 3.65 ಕೋಟಿ ಆಯಿತು. ಬೆಲೆ ಏರಿಕೆಯನ್ನು ಬದಿಗಿಟ್ಟರೂ ಹತ್ತು ವರ್ಷಕ್ಕೆ 36.5 ಕೋಟಿ. ಈ ಮೊತ್ತ ಯೋಜನಾ ವರದಿಯ ಮೊದಲ ಪುಟದಲ್ಲಿ, ಕಟ್ಟಡದ ವೆಚ್ಚದ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.

ಇದರಲ್ಲಿ ದೊಡ್ಡ ಪಾಲು ಸಂಬಳದ್ದು, ಹಾಗೇ ಇರಬೇಕು. ಆಶ್ರಯತಾಣಗಳ ನಿರ್ವಹಣೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಲೆಕ್ಕವಿದೆ. ಪ್ರಾಣಿಯೊಂದಕ್ಕೆ ದಿನಕ್ಕೆ ಶುಚಿತ್ವಕ್ಕೆ 9 ನಿಮಿಷ, ಆಹಾರಕ್ಕೆ 6 ನಿಮಿಷ, ಒಟ್ಟು 15 ನಿಮಿಷ. ಇನ್ನೂರು ಪ್ರಾಣಿಗಳಿದ್ದರೆ 50 ಗಂಟೆಯ ಕೆಲಸ. ಎಂಟು ಗಂಟೆಯ ಪಾಳಿಯಲ್ಲಿ ಏಳು ಜನ ಪ್ರತಿದಿನ ಹಾಜರಿರಬೇಕು. ವಾರದ ರಜೆ, ಹಬ್ಬ, ಅನಾರೋಗ್ಯ ಸೇರಿಸಿದರೆ ಒಂಬತ್ತು ಜನರನ್ನಾದರೂ ನೇಮಿಸಿಕೊಳ್ಳಬೇಕು. ಇದರಲ್ಲಿ ವೈದ್ಯರಿಲ್ಲ, ಸಹಾಯಕರಿಲ್ಲ, ಚಾಲಕರಿಲ್ಲ, ರಾತ್ರಿಯವರಿಲ್ಲ, ದತ್ತು ವಿಚಾರ ನೋಡಿಕೊಳ್ಳುವವರೂ ಇಲ್ಲ. ಕಡಿಮೆ ದರ ನಮೂದಿಸಿದವರಿಗೆ ಗುತ್ತಿಗೆ ಕೊಡುವ ಪದ್ಧತಿಯಲ್ಲಿ ಮೊದಲು ಕತ್ತರಿ ಬೀಳುವುದೇ ಈ ಒಂಬತ್ತು ಜನರ ಮೇಲೆ. ನಾಲ್ವರನ್ನು ಇಟ್ಟುಕೊಂಡು ಒಂಬತ್ತು ಜನರ ಕೆಲಸ ಮಾಡಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೂಡುಗಳನ್ನು ಉಜ್ಜಿ ತೊಳೆಯುವ ಬದಲು ಪೈಪಿನಿಂದ ನೀರು ಹಾಯಿಸಿ ಮುಂದಕ್ಕೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಬ್ಲೀಚಿಂಗ್ ಪುಡಿಯಿಂದ ಅಂಗೈ ಬಿರಿದು, ಕಚ್ಚಿಸಿಕೊಂಡು, ಆದರೂ ಬೆಳಿಗ್ಗೆ ಬರುವವರು ಅವರು. ರೇಬಿಸ್ ವಿರುದ್ಧ ಮುಂಜಾಗ್ರತೆಯ ಲಸಿಕೆ ಅವರಲ್ಲಿ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರುವಾಗಲೇ ಸಿಗಬೇಕು. ಅದೂ ಬಜೆಟ್‌ನಲ್ಲಿ ಒಂದು ಸಾಲು.

ಶುಚಿತ್ವದ ವಿಷಯ ಬಂದದ್ದರಿಂದ ಚರಂಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಕ್ಷೆಯಲ್ಲಿ ಎಲ್ಲರ ಕಣ್ಣು ಕಟ್ಟಡದ ಮುಖದ ಮೇಲೆ ಇರುತ್ತದೆ, ಪ್ರಾಣಿಗಳ ಸಾವು ಬದುಕು ಚರಂಡಿಯ ಗೆರೆಯಲ್ಲಿರುತ್ತದೆ. ನಾನು ಹೋಗುವ ಆಶ್ರಯತಾಣದಲ್ಲಿ ಗೂಡುಗಳ ಸಾಲಿನ ಮುಂದೆ ಒಂದೇ ತೆರೆದ ಚರಂಡಿ. ಗೇಟಿನಿಂದ ದೂರವಿರಲಿ ಎಂದು ಕಾಯಿಲೆಯ ಮರಿಗಳನ್ನು ಸಾಲಿನ ಕೊನೆಯಲ್ಲಿ ಇಡುತ್ತಾರೆ. ಆದರೆ ನೆಲದ ಇಳಿಜಾರು ಆ ಕೊನೆಯಿಂದ ಗೇಟಿನ ಕಡೆಗೆ ಇದೆ. ಒಂದು ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಯಾರೋ ಬಿಟ್ಟುಹೋದ ಮರಿಗಳಿಗೆ ಪಾರ್ವೊ ಇತ್ತು, ನಾಯಿಮರಿಗಳ ಕರುಳಿಗೆ ತಗುಲುವ ಮಾರಕ ಸಾಂಕ್ರಾಮಿಕ ರೋಗ ಅದು. ಪಾರ್ವೊ ತಗುಲಿದ ಮರಿ ಮೊದಲು ಬಟ್ಟಲಿನ ಬಳಿ ಬಂದು, ಮೂಸಿ, ಹಿಂದಕ್ಕೆ ಸರಿಯುತ್ತದೆ. ಆಮೇಲೆ ವಾಂತಿ, ನಂತರ ರಕ್ತ ಬೆರೆತ ಭೇದಿ. ಅದರ ವಾಸನೆಯನ್ನು ಒಮ್ಮೆ ಅರಿತವರು ಗೂಡಿನ ಬಾಗಿಲು ತೆರೆಯುವ ಮೊದಲೇ ಗುರುತಿಸುತ್ತಾರೆ. ಕಡ್ಡಿಯಂಥ ಮುಂಗಾಲಿನಲ್ಲಿ ರಕ್ತನಾಳ ಹುಡುಕಿ ಡ್ರಿಪ್ ಹಾಕುವಷ್ಟರಲ್ಲಿ ಮರಿ ತಣ್ಣಗಾಗಿರುತ್ತದೆ. ಆ ಗೂಡು ತೊಳೆದ ನೀರು ಉಳಿದೆಲ್ಲ ಗೂಡುಗಳ ಮುಂದೆ ಹರಿಯಿತು. ಮುಂದಿನ ದಿನಗಳಲ್ಲಿ ಬಟ್ಟಲು ಬಿಟ್ಟು ಹಿಂದೆ ಸರಿಯುವ ಮರಿಗಳು ಇಳಿಜಾರಿನ ಗುಂಟವೇ ಒಂದೊಂದಾಗಿ ಕಾಣತೊಡಗಿದವು. ಅವುಗಳಲ್ಲಿ ಕೆಲವು ದತ್ತು ಹೋಗಲು ಸಿದ್ಧವಾಗಿದ್ದವು.

ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಮೇಲಾಗಿ ಫಿನಾಯಿಲ್ ಬೆಕ್ಕುಗಳಿಗೆ ವಿಷ. ಬ್ಲೀಚಿಂಗ್ ದ್ರಾವಣ ಬೇಕು, ಅದೂ ಮಲವನ್ನು ಪೂರ್ತಿ ತೆಗೆದು ತೊಳೆದ ನೆಲದ ಮೇಲೆ ಹತ್ತು ನಿಮಿಷವಾದರೂ ನಿಲ್ಲಬೇಕು. ಬಿರುಕು ಬಿಟ್ಟ ಸಿಮೆಂಟಿನ ಮೇಲೆ, ಮಣ್ಣಿನ ಮೇಲೆ ಇದು ಆಗದ ಕೆಲಸ. ಹಾಗಾಗಿ ಸೋಂಕಿತ ಪ್ರಾಣಿಗಳ ವಿಭಾಗ ಬೇರೆ ಕಟ್ಟಡದಲ್ಲಿರಬೇಕು, ಅದರ ಚರಂಡಿ ಬೇರೆಯೇ ಇರಬೇಕು, ಅಲ್ಲಿ ಬಳಸುವ ಪೊರಕೆ, ಬಕೆಟ್, ಬೂಟು ಆಚೆ ಬರಬಾರದು. ಹೊಸದಾಗಿ ಬಂದ ಪ್ರಾಣಿಯನ್ನು ಆರೋಗ್ಯವಂತವುಗಳ ಜೊತೆ ಸೇರಿಸುವ ಮೊದಲು ಎರಡು ವಾರ ಪ್ರತ್ಯೇಕವಾಗಿ ನೋಡಿಕೊಳ್ಳುವ ಗೂಡುಗಳು ಇರಬೇಕು. ಗೂಡುಗಳ ಸಾಲುಗಳು ಎದುರುಬದುರು ಇದ್ದರೆ ದಿನವಿಡೀ ಬೊಗಳಾಟ, ಅಕ್ಕಪಕ್ಕದವರ ದೂರು, ಕೊನೆಗೆ ನ್ಯಾಯಾಲಯ. ಇದನ್ನೆಲ್ಲ ಶಾಲೆ, ಸಮುದಾಯ ಭವನ ಕಟ್ಟಿ ಅಭ್ಯಾಸವಾದ ಎಂಜಿನಿಯರ್ ಒಬ್ಬರೇ ಊಹಿಸಲಾರರು. ನಕ್ಷೆ ಬರೆಯುವಾಗ ಪಶುವೈದ್ಯರ ಜೊತೆಗೆ ಗೂಡು ತೊಳೆಯುವವರನ್ನೂ ಕೂರಿಸಿಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಗರದಲ್ಲೇ ಇದೆ. ಅಲ್ಲಿನ ವಿದ್ಯಾರ್ಥಿಗಳ ತರಬೇತಿಯ ಒಂದು ಭಾಗ ಈ ಆಶ್ರಯತಾಣದಲ್ಲಿ ನಡೆಯುವಂತೆ ಮೊದಲೇ ಒಪ್ಪಂದ ಮಾಡಿಕೊಂಡರೆ ಎರಡೂ ಕಡೆಗೆ ಲಾಭ.

ಜಾಗದ ವಿಷಯದಲ್ಲಿ ಒಂದು ಭಯ ನನ್ನನ್ನು ಕಾಡುತ್ತಿದೆ. ನಗರಕ್ಕೆ ಬೇಡವಾದದ್ದನ್ನೆಲ್ಲ ಹೊರವಲಯದ ಹಳ್ಳಿಗಳಿಗೆ ಸಾಗಿಸುವುದು ನಮಗೆ ಅಭ್ಯಾಸವಾಗಿದೆ. ಮಂಡೂರು, ಮಾವಳ್ಳಿಪುರದ ಜನ ನಮ್ಮ ಕಸವನ್ನು ವರ್ಷಗಟ್ಟಲೆ ಹೊತ್ತು, ಬೀದಿಗಿಳಿದು ಹೋರಾಡಿದ ಮೇಲೆಯೇ ಲಾರಿಗಳು ನಿಂತದ್ದು. ಈಗ ನಾಯಿಗಳ ಲಾರಿ ಅದೇ ದಾರಿ ಹಿಡಿಯಬಾರದು. ಕಸದ ಗುಡ್ಡದ ಪಕ್ಕ ಕಟ್ಟಿದ ಆಶ್ರಯತಾಣಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಅದು ಮನುಷ್ಯರಿಗೂ ತಗುಲುವ ಕಾಯಿಲೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಗೆ ದತ್ತು ಪಡೆಯಲು ಯಾರು ಬರುತ್ತಾರೆ? ಭಾನುವಾರ ಮಕ್ಕಳನ್ನು ಕರೆದುಕೊಂಡು ಬಿಎಂಟಿಸಿ ಬಸ್ಸಿನಲ್ಲೋ ಮೆಟ್ರೊದಲ್ಲೋ ಬಂದು ಇಳಿಯುವಂತಿದ್ದರೆ ಮಾತ್ರ ಗೂಡುಗಳು ಖಾಲಿಯಾಗುತ್ತವೆ. ಸ್ವಯಂಸೇವಕರೂ ಅಷ್ಟೇ. ಎರಡು ಗಂಟೆ ಪ್ರಯಾಣದ ಜಾಗಕ್ಕೆ ಉತ್ಸಾಹದಲ್ಲಿ ಒಂದೆರಡು ಸಲ ಬಂದವರು ಆಮೇಲೆ ಬರುವುದಿಲ್ಲ.

ಸಾವಿರಾರು ನಾಯಿಗಳ ಒಂದೇ ಬೃಹತ್ ಕೇಂದ್ರಕ್ಕಿಂತ ಐದು ಪಾಲಿಕೆಗಳಿಗೂ ಇನ್ನೂರು ಪ್ರಾಣಿಗಳ ಒಂದೊಂದು ಆಸ್ಪತ್ರೆ ಮತ್ತು ದತ್ತು ಕೇಂದ್ರ ಇರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಶಾಶ್ವತ ನಿವಾಸಿಗಳ ಅಂಗಳಗಳು ಮಾತ್ರ ಸ್ವಲ್ಪ ದೂರವಿದ್ದರೂ ನಡೆದೀತು. ಕೇಂದ್ರ ಪಾಲಿಕೆಯಲ್ಲಿ ಜಾಗ ಸಿಗುವುದಿಲ್ಲ ಎನ್ನುವುದು ನಿಜ. ಹಾಗಿದ್ದರೆ ಪಕ್ಕದ ಪಾಲಿಕೆಯೊಡನೆ ವೆಚ್ಚ ಹಂಚಿಕೊಳ್ಳಲಿ. ಪ್ರಾಧಿಕಾರ ಇರುವುದೇ ಇಂಥ ಕೆಲಸಕ್ಕೆ. 2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು, ಪ್ರಾಣಿಗಳ ಆಸ್ಪತ್ರೆ ಮತ್ತು ಆಶ್ರಯತಾಣಕ್ಕೆ ಸಾಕಷ್ಟು ಜಾಗವನ್ನು ರಾಜ್ಯ ಸರ್ಕಾರ ಒದಗಿಸಬೇಕು. ಜಾಗ ಕೇಳುವುದು ದಾನ ಬೇಡಿದಂತಲ್ಲ ಎಂದು ಕಂದಾಯ ಇಲಾಖೆಗೆ ಬರೆಯುವಾಗ ಇದನ್ನು ನಮೂದಿಸಿ. ಜಾಗ ಒಪ್ಪಿಕೊಳ್ಳುವ ಮೊದಲು ನೀರಿನ ಮೂಲ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೇ ಟ್ಯಾಂಕರ್ ಹಿಂದೆ ಓಡಿತು. ಅಂಥ ಬೇಸಿಗೆಯಲ್ಲಿ ಇನ್ನೂರು ಗೂಡು ತೊಳೆಯಲು ನೀರು ಎಲ್ಲಿಂದ ತರುತ್ತೀರಿ? ಕಾವೇರಿ 5ನೇ ಹಂತದ ನೀರು ಈಗ 110 ಹಳ್ಳಿಗಳ ಪ್ರದೇಶಕ್ಕೂ ಹೋಗುತ್ತಿದೆ. ಆ ಸಂಪರ್ಕ ಸಿಗುವ ಜಾಗವೇ ಆಗಲಿ, ಜೊತೆಗೆ ಮಳೆನೀರು ಸಂಗ್ರಹದ ತೊಟ್ಟಿಯೂ ಇರಲಿ.

ಹಣದ ಮೂಲಗಳನ್ನು ಬೇರೆಬೇರೆಯಾಗಿ ಕಟ್ಟಿಡಿ ಎಂಬುದು ನನ್ನ ವಿನಂತಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಪ್ರಾಣಿ ಕಲ್ಯಾಣಕ್ಕೂ ಬಳಸಬಹುದು ಎಂದು 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಬೆಂಗಳೂರಿನಲ್ಲಿ ಅಂಥ ಕಂಪನಿಗಳಿಗೆ ಕೊರತೆಯಿಲ್ಲ. ಆದರೆ ಆ ಹಣ ಅವರ ಲಾಭ ನೋಡಿಕೊಂಡು ಬರುತ್ತದೆ, ಒಂದು ವರ್ಷ ಬಂದದ್ದು ಮುಂದಿನ ವರ್ಷ ಬರಬೇಕೆಂದಿಲ್ಲ. ಅದನ್ನು ಕಟ್ಟಡಕ್ಕೆ, ಎಕ್ಸ್‌ರೇ ಯಂತ್ರಕ್ಕೆ, ಆಂಬುಲೆನ್ಸಿಗೆ, ಸೌರಫಲಕಕ್ಕೆ ಬಳಸಿ. ಸಂಬಳ, ಔಷಧ, ಆಹಾರ ಮಾತ್ರ ಪಾಲಿಕೆಯ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ಇರಲಿ, ಬೇರೆ ಕೆಲಸಕ್ಕೆ ವರ್ಗಾಯಿಸಲು ಬಾರದಂತಿರಲಿ, ಮೂರು ತಿಂಗಳ ಹಣ ಮುಂಗಡವಾಗಿ ಬಿಡುಗಡೆಯಾಗಲಿ. ಸಂಸ್ಥೆಗಳಿಗೆ ನಿರ್ವಹಣೆ ಒಪ್ಪಿಸುವುದಾದರೆ ಇದು ಇನ್ನೂ ಮುಖ್ಯ. ಬಿಲ್ ಪಾವತಿಗೆ ತಿಂಗಳುಗಟ್ಟಲೆ ಕಾಯುವ ಶಕ್ತಿ ದೊಡ್ಡ ಗುತ್ತಿಗೆದಾರರಿಗೆ ಇರುತ್ತದೆ, ಪ್ರಾಣಿಗಳ ಬಗ್ಗೆ ಬಲ್ಲ ಸಣ್ಣ ಸಂಸ್ಥೆಗಳಿಗೆ ಇರುವುದಿಲ್ಲ.

ಸಾಕುನಾಯಿಗಳ ನೋಂದಣಿಯಿಂದಲೂ ಹಣ ಬರಬೇಕು. ನಮ್ಮ ಗೂಡುಗಳಲ್ಲಿ ಚಳಿನಾಡಿನ ತಳಿಯಾದ ಹಸ್ಕಿ ನಾಯಿಗಳಿವೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದೆರಡು ವರ್ಷ ಸಾಕಿ, ಮನೆ ಬದಲಿಸುವಾಗ ರಸ್ತೆಯಲ್ಲಿ ಬಿಟ್ಟವು. ಸಾಕುಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ ಹೌದು, ಆದರೆ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ದಂಡವನ್ನು ಬದಲಿಸುವುದು ಸಂಸತ್ತಿನ ಕೆಲಸ. ಮೈಕ್ರೊಚಿಪ್ ಹಾಕಿಸಿ ನೋಂದಣಿ ಮಾಡಿಸುವುದು, ಶುಲ್ಕವನ್ನು ಆಶ್ರಯತಾಣದ ಲೆಕ್ಕಕ್ಕೇ ಜಮಾ ಮಾಡುವುದು, ಸಂತಾನಹರಣ ಮಾಡಿಸಿದವರಿಗೆ ರಿಯಾಯಿತಿ ಕೊಡುವುದು ನಿಮ್ಮ ಕೈಯಲ್ಲಿರುವ ಕೆಲಸ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಆಶ್ರಯತಾಣಕ್ಕೆ ಕೊಡುವ ಹಣವನ್ನು ಸಂತಾನಹರಣ ಮತ್ತು ರೇಬಿಸ್ ಲಸಿಕೆಯ ಹಣದಿಂದ ಕಿತ್ತುಕೊಳ್ಳಬೇಡಿ. 2019ರಲ್ಲಿ ಸುಮಾರು 3.10 ಲಕ್ಷ ಎಂದು ಅಂದಾಜಿಸಿದ್ದ ಬೀದಿನಾಯಿಗಳ ಸಂಖ್ಯೆ 2023ರ ಗಣತಿಯಲ್ಲಿ 2.79 ಲಕ್ಷಕ್ಕೆ ಇಳಿಯಿತು. ವರ್ಷವರ್ಷ ಸದ್ದಿಲ್ಲದೆ ನಡೆದ ಶಸ್ತ್ರಚಿಕಿತ್ಸೆಗಳ ಫಲ ಅದು. ನೀವು ಹತ್ತು ಸಾವಿರ ನಾಯಿಗಳಿಗೆ ಆಶ್ರಯ ಕೊಟ್ಟರೂ ಉಳಿದ ಎರಡೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳು ರಸ್ತೆಯಲ್ಲೇ ಇರುತ್ತವೆ, ನಮ್ಮ ಮಕ್ಕಳು ಓಡಾಡುವುದೂ ಅದೇ ರಸ್ತೆಯಲ್ಲಿ. ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಲು ಕೋಲು ಹಿಡಿದು ಹೋಗುವ ತಾಯಿಯ ಕೋಪ ನ್ಯಾಯವಾದದ್ದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಶೇ 70ರಷ್ಟು ನಾಯಿಗಳಿಗೆ ಪ್ರತಿವರ್ಷ ಲಸಿಕೆ ತಲುಪಿದರೆ ರೋಗ ಹರಡುವ ಸರಪಳಿ ಕಡಿಯುತ್ತದೆ. ನಮ್ಮ ನೆರೆಯ ಗೋವಾ ಹೀಗೆ ಸಾಮೂಹಿಕ ಲಸಿಕೆಯ ದಾರಿ ಹಿಡಿದು 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶ ಎನಿಸಿಕೊಂಡಿತು.

2007ರಲ್ಲಿ ಈ ನಗರದಲ್ಲಿ ಇಬ್ಬರು ಪುಟ್ಟ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಅದರ ಬೆನ್ನಲ್ಲೇ ನಾಯಿಗಳನ್ನು ಸಾಮೂಹಿಕವಾಗಿ ಹಿಡಿದು ಕೊಂದದ್ದೂ ಇದೇ ನಗರದಲ್ಲಿ. ಆ ಮಕ್ಕಳ ಮನೆಯವರ ದುಃಖಕ್ಕೆ ಆ ಕೊಲೆಗಳಿಂದ ಏನೂ ಸಿಗಲಿಲ್ಲ, ನಾಯಿಗಳ ಸಮಸ್ಯೆಯೂ ತೀರಲಿಲ್ಲ. ಗಾಬರಿಯಲ್ಲಿ ಮಾಡಿದ ಯಾವ ಕೆಲಸವೂ ಈ ವಿಷಯದಲ್ಲಿ ಬಾಳಿಲ್ಲ. ಈಗಲೂ ನ್ಯಾಯಾಲಯದ ಗಡುವಿನ ಒತ್ತಡದಲ್ಲಿ ತಗಡಿನ ಶೆಡ್ಡು ಹಾಕಿ ನಾಯಿಗಳನ್ನು ತುಂಬಿಬಿಡುವ ಸೆಳೆತ ಇರುತ್ತದೆ. ತಾತ್ಕಾಲಿಕ ವ್ಯವಸ್ಥೆ ಬೇಕಿದ್ದರೆ ಈಗಿರುವ ಎಬಿಸಿ (ಸಂತಾನಹರಣ ಚಿಕಿತ್ಸೆಯ) ಕೇಂದ್ರಗಳ ಪಕ್ಕದಲ್ಲೇ, ವೈದ್ಯರ ಕಣ್ಣಳತೆಯಲ್ಲೇ ಮಾಡಿ. ಅದು ಎಂದು ಕೊನೆಗೊಳ್ಳುತ್ತದೆ ಎಂಬ ದಿನಾಂಕವನ್ನೂ ಆದೇಶದಲ್ಲೇ ಬರೆಯಿರಿ.

ನಗರದ ನಾಗರಿಕರಿಗೂ ಒಂದು ಮಾತು. ನಿಮ್ಮ ಬಡಾವಣೆಯಲ್ಲಿ ಆಶ್ರಯತಾಣ ಬರುತ್ತದೆ ಎಂದಾಗ ವಿರೋಧಿಸುವ ಮೊದಲು ನಕ್ಷೆ ಕೇಳಿ ನೋಡಿ. ಚರಂಡಿ, ಗೋಡೆ, ಮರಗಳ ಸಾಲು ಸರಿಯಿಲ್ಲದಿದ್ದರೆ ಖಂಡಿತ ತಕರಾರು ಎತ್ತಿ, ನಾವೂ ನಿಮ್ಮ ಜೊತೆ ಬರುತ್ತೇವೆ. ಸರಿಯಿದ್ದರೆ ಜಾಗ ಬಿಡಿ. ಮನೆಗೆ ನಾಯಿ ತರುವ ಯೋಚನೆಯಿದ್ದರೆ ಒಮ್ಮೆ ನಾಡತಳಿಯ ಮರಿಗಳನ್ನು ಬಂದು ನೋಡಿ. ಈ ಹವೆಗೆ ಹೊಂದಿಕೊಂಡವು ಅವು, ಹಸ್ಕಿಯಂತೆ ಏರ್ ಕಂಡಿಷನರ್ ಬೇಡುವವಲ್ಲ.

ಮಾನ್ಯ ಆಯುಕ್ತರೇ, ಮುಂದಿನ ಬಜೆಟ್‌ಗೆ ಮೊದಲು ಆಶ್ರಯತಾಣದ ಕರಡು ಯೋಜನೆಯನ್ನು ಕನ್ನಡದಲ್ಲಿ ಎಲ್ಲ ವಾರ್ಡ್ ಕಚೇರಿಗಳಲ್ಲೂ ಇಡಿ, ಆಕ್ಷೇಪಣೆಗೆ ಒಂದು ತಿಂಗಳು ಕಾಲಾವಕಾಶ ಕೊಡಿ. ಅದರಲ್ಲಿ ದಿನಕ್ಕೆ ಎಷ್ಟು ಪ್ರಾಣಿಗಳನ್ನು ತೆಗೆದುಕೊಳ್ಳುತ್ತೀರಿ, ಅವು ಯಾವ ದಾರಿಯಲ್ಲಿ ಹೊರಹೋಗುತ್ತವೆ, ಹತ್ತು ವರ್ಷದ ಸಂಬಳ ಯಾವ ಶೀರ್ಷಿಕೆಯಿಂದ ಬರುತ್ತದೆ ಎಂಬುದು ಇರಲಿ. ಯೋಜನೆ ಬರೆಯುವವರಿಗೆ ಬೇಕಾದರೆ ನಮ್ಮ ಔಷಧದ ಖರ್ಚಿನ ಪುಸ್ತಕ, ಆಹಾರದ ಲೆಕ್ಕ, ದತ್ತು ಹೋದ ಮತ್ತು ಸತ್ತ ಪ್ರಾಣಿಗಳ ದಾಖಲೆ ಎಲ್ಲವನ್ನೂ ತೋರಿಸಲು ಸಿದ್ಧರಿದ್ದೇವೆ. ನಿಮ್ಮ ಎಂಜಿನಿಯರ್‌ಗಳು ಬೆಳಿಗ್ಗೆ ಏಳು ಗಂಟೆಗೆ ಬಂದರೆ ಒಳ್ಳೆಯದು. ಗೂಡು ತೊಳೆಯುವ ಹೊತ್ತು ಅದು, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ನಿಂತು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
ಆಶ್ರಯತಾಣವೊಂದರ ಸ್ವಯಂಸೇವಕಿ
ಬೆಂಗಳೂರು